ಇಪ್ಪತ್ತಮೂರನೆಯ ಪೊದೆ

ಚಂದಾಪುರ,
9 ಅಕ್ಟೋಬರ್ 2024

ಮಗಳು ಶಿವಗಂಗಾಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಲೇಜಿನ ಮಕ್ಕಳಿಗೆ ಕಾಡು ತೋರಿಸಲು ನಾನು ಮಾಡುವ ಗಿಡಗಳ ಪಟ್ಟಿ ದಸರೆಯ ಮುಂಚೆ ನಿನ್ನ ಕೈ ಸೇರಬೇಕೆಂಬುದು ಹನ್ನೊಂದು ವರ್ಷದ ರೂಢಿ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಹೂಂ ಅಪ್ಪಾ" ಅನ್ನುತ್ತೀ. ಕಾಗದದಲ್ಲಿ ಬರೆದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಫಾರೆಸ್ಟ್ ಗಾರ್ಡ್ ಆಗಿ ನಿವೃತ್ತನಾದರೂ ವರದಿ ಬರೆಯದೆ ನನಗೆ ಉಂಡದ್ದು ಅರಗುವುದಿಲ್ಲ ಎಂದು ನಿಮ್ಮವ್ವ ನಗುತ್ತಾಳೆ. ನಗಲಿ ಬಿಡು.

ಈ ವರ್ಷ ಮಳೆ ಕೈಕೊಡಲಿಲ್ಲ. ಚಂದ್ರಂಪಳ್ಳಿ ಕೆರೆಯ ಒಡ್ಡಿನ ಕೆಳಗಿನ ಹಳ್ಳ ಇನ್ನೂ ಹರಿಯುತ್ತಿದೆ. ದಂಡೆಗೆ ಹೊಳೆಮತ್ತಿ, ಅದರ ನೆರಳಲ್ಲಿ ಜರಿಗಿಡ. ಅಲ್ಲಿಂದ ನೂರು ಹೆಜ್ಜೆ ಹತ್ತಿದರೆ ಕೆಂಪು ಕಲ್ಲಿನ ಇಳಿಜಾರು. ಅಲ್ಲಿ ನೀರು ನಿಲ್ಲುವುದಿಲ್ಲ, ಹಾಗಾಗಿ ದಿಂಡಿಗ, ಕಾರೆ, ಸೀತಾಫಲ. ಇದೇ ಹಳ್ಳ, ಇದೇ ಮಳೆ, ಆದರೂ ಮೇಲಿನ ಗಿಡ ಕೆಳಗೆ ಬದುಕುವುದಿಲ್ಲ. ನಿನ್ನ ಮಕ್ಕಳಿಗೆ ಇದನ್ನು ಮೊದಲು ತೋರಿಸು, ಹೆಸರು ಆಮೇಲೆ ಹೇಳು. ಸೀತಾಫಲ ಕಣ್ಣು ಬಿಟ್ಟಿವೆ. ಗುಲಗಂಜಿ ಕಾಯಿ ಒಡೆಯತೊಡಗಿವೆ.

ಹೊಸಬರಿಗೆ ನಿಯಮ ಓದಿ ಹೇಳು. ಒಟ್ಟು ನಲವತ್ತು ಸ್ಥಳ. ಹಿಂದಿನ ದಿನ ನಾನೇ ಹೋಗಿ ನಿಮ್ಮವ್ವನ ಹಳೆ ಸೀರೆಯ ಚಿಂದಿ ಕಟ್ಟುತ್ತೇನೆ. ಕೆಂಪು ಚಿಂದಿ ಇದ್ದಲ್ಲಿ ಕೈ ಹಿಂದೆ ಕಟ್ಟಿಕೊಂಡು ನೋಡುವುದು. ಹಸಿರು ಇದ್ದಲ್ಲಿ ಮುಟ್ಟಬಹುದು, ಮೂಸಬಹುದು, ಬಾಯಿಗೂ ಹಾಕಿಕೊಳ್ಳಬಹುದು. ಇಪ್ಪತ್ತಮೂರನೆಯದು ಎಂದಿನ ಶತಾವರಿ ಪೊದೆ, ಹಸಿರು. ಬೇರು ಮೊದಲು ಚಪ್ಪೆ, ಅಗಿಯುತ್ತಾ ಹೋದರೆ ಸಿಹಿ. ಬಾಯಲ್ಲಿಟ್ಟ ಗಿಡದ ಹೆಸರನ್ನು ಯಾರೂ ಮರೆಯುವುದಿಲ್ಲ, ನಿನಗೂ ನಾನು ಹಾಗೇ ಕಲಿಸಿದ್ದು.

ನಿನ್ನ ಅಪ್ಪ,
ರೇವಣಪ್ಪ

ಸೇಡಂ,
15 ಅಕ್ಟೋಬರ್ 2024

ಅಪ್ಪಾ, ಶರಣು.

ಬನ್ನಿ ಕೊಡಲು ಊರಿಗೆ ಬರಲಾಗಲಿಲ್ಲ, ಮುನಿಯಬೇಡಿ. ಇವರಿಗೆ ವಾಡಿ ಸ್ಟೇಷನ್ನಿನಲ್ಲಿ ರಜೆ ಸಿಗಲಿಲ್ಲ. ನಾನೊಬ್ಬಳೇ ಬಂದರೆ ಅವ್ವ ನೂರು ಪ್ರಶ್ನೆ ಕೇಳುತ್ತಿದ್ದಳು.

ಪಟ್ಟಿ ತಲುಪಿತು. ಇಪ್ಪತ್ತನೇ ತಾರೀಖು ಭಾನುವಾರ, ಮೂವತ್ತೆರಡು ಮಕ್ಕಳು. ಅವರಲ್ಲಿ ತೌಹೀದ ಎಂಬ ಹುಡುಗಿಯನ್ನು ನೀವು ನೋಡಲೇಬೇಕು. ಶಹಾಬಾದಿನವಳು, ಇಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ತಂದೆ ಅಬ್ದುಲ್ ಕರೀಮ್ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವವರು. ಹುಡುಗಿ ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿನ್ನುತ್ತಾಳೆ, ಆದರೆ ಅವಳು ಬಾರದ ದಿನ ತರಗತಿ ಸಪ್ಪೆ. ನಿಮ್ಮ ಪಟ್ಟಿಯನ್ನು ಆಗಲೇ ಬಾಯಿಪಾಠ ಮಾಡಿಟ್ಟಿದ್ದಾಳೆ.

ಒಂದು ಸುದ್ದಿ. ಹನ್ನೊಂದು ವರ್ಷದ ಅತಿಥಿ ಉಪನ್ಯಾಸಕಿ ಪಟ್ಟ ಈ ಡಿಸೆಂಬರಿಗೆ ಮುಗಿಯಬಹುದು. ಆಡಳಿತ ಮಂಡಳಿಯವರು ಕಾಯಂ ಮಾಡುವ ಮಾತಾಡಿದ್ದಾರೆ. ಇನ್ನೂ ಯಾರಿಗೂ ಹೇಳಬೇಡಿ.

ಇನ್ನೊಂದು ಮಾತು. ಹೋದ ತಿಂಗಳು ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದಲು ನನ್ನನ್ನು ಕೇಳಿದಿರಿ. ಬಿಸಿಲು ಎಂದಿರಿ, ಅವತ್ತು ಮೋಡವಿತ್ತು. ಮೋತಿಬಿಂದು ಆಗಿ ಕಣ್ಣಿಗೆ ಪೊರೆ ಬಂದಿದ್ದರೆ ತೋರಿಸಲು ನಾಚಿಕೆ ಯಾಕೆ? ಈ ಸಲ ಚಿಂದಿ ಕಟ್ಟುವಾಗ ನಾನೂ ಜತೆಗೆ ಬರಲೇ?

ನಿಮ್ಮ ಮಗಳು,
ಶಿವಗಂಗಾ

ಸೇಡಂ,
23 ಅಕ್ಟೋಬರ್ 2024

ಅಪ್ಪಾ,

ಈ ಕಾಗದವನ್ನು ಚಿಂಚೋಳಿ ಬಸ್ಸಿನ ಕಂಡಕ್ಟರ್ ಚನ್ನು ಕೈಯಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಫೋನ್ ಮಾಡಬೇಡಿ. "ಫೋನ್‌ದಾಗ ಯಾರ್ ಜೋಡೀನೂ ಏನೂ ಮಾತಾಡ್‌ಬ್ಯಾಡ್ರಿ ಮ್ಯಾಡಮ್, ಎಲ್ಲಾ ರೆಕಾರ್ಡ್ ಆಗ್ತದ" ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ.

ತೌಹೀದ ಬದುಕಿದ್ದಾಳೆ. ಇಷ್ಟೇ ಹೇಳಬಲ್ಲೆ. ಕಲಬುರಗಿಯ ಆಸ್ಪತ್ರೆಯಲ್ಲಿ ಮೂರು ದಿನದಿಂದ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಈ ವಿಷಕ್ಕೆ ಮದ್ದಿಲ್ಲವಂತೆ, ದೇಹವೇ ತಡೆದುಕೊಳ್ಳಬೇಕಂತೆ.

ನೀವು ಮೊದಲ ತಂಡದ ಜತೆ ಮುಂದೆ ಹೋಗಿದ್ದಿರಿ, ಹಾಗಾಗಿ ನಡೆದದ್ದನ್ನು ಬರೆಯುತ್ತೇನೆ. ಹತ್ತೂವರೆಗೆ ಇಪ್ಪತ್ತಮೂರನೆಯ ಪೊದೆಗೆ ಬಂದೆವು. ಶತಾವರಿ ಮೈತುಂಬ ಸಣ್ಣ ಬಿಳಿ ಹೂ ಬಿಟ್ಟಿತ್ತು, ಎಲ್ಲರೂ ಮೂಸಿ ನೋಡಿದರು. ನಾನು ಹಿಂದೆ ಉಳಿದ ಇಬ್ಬರನ್ನು ಕರೆಯಲು ಹೋದೆ. ಆ ಐದು ನಿಮಿಷದಲ್ಲಿ ತೌಹೀದ ಕೋಲಿನಿಂದ ಬುಡ ಕೆದರಿ, ಬೆರಳಷ್ಟು ದಪ್ಪದ ಬಿಳಿ ಗಡ್ಡೆಯೊಂದನ್ನು ಬಾಟಲಿ ನೀರಿನಲ್ಲಿ ತೊಳೆದು ತಿಂದಿದ್ದಾಳೆ. ಒಡ್ಡಿನ ಮೇಲೆ ಬುತ್ತಿ ಬಿಚ್ಚುವ ಹೊತ್ತಿಗೆ ವಾಂತಿ ಶುರುವಾಯಿತು. "ಏನ್ ತಿಂದಿ, ಖರೇ ಹೇಳವಾ" ಎಂದರೆ "ಇಪ್ಪತ್ಮೂರ್ರಿ ಮ್ಯಾಡಮ್" ಎಂದಳು.

ನಾನು ಓಡಿ ಹೋಗಿ ಉಳಿದದ್ದನ್ನು ಅಗೆದೆ. ಅದು ಶತಾವರಿಯ ಬೇರಲ್ಲ. ನೇಗಿಲಿನಂತೆ ಬಾಗಿದ ಗಡ್ಡೆ, ಅದೇ ಪೊದೆಯೊಳಗೆ ಹಬ್ಬಿದ್ದ ವಿಷದ ಬಳ್ಳಿ ಅಗ್ನಿಶಿಖೆಯದು. ಬಳ್ಳಿ ಒಣಗಿ ಮುಳ್ಳಿನಲ್ಲಿ ಹುಲ್ಲಾಗಿ ಹೋಗಿತ್ತು. ಗಡ್ಡೆಯನ್ನು ಡಾಕ್ಟರ ಕೈಗೆ ಕೊಟ್ಟೆ. ಅದನ್ನು ತಂದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಬರೀ ಹೊಟ್ಟೆ ಕೆಟ್ಟಿದೆ ಎಂದು ಮನೆಗೆ ಕಳಿಸುತ್ತಿದ್ದೆವು ಎಂದರು.

ನಿನ್ನೆ ಒಂದು ಗಳಿಗೆ ಕಣ್ಣು ಬಿಟ್ಟಳು. "ಕಹಿ ಇತ್ರಿ. ಆದ್ರ ಆಮ್ಯಾಲ ಸಿಹಿ ಬರ್ತದ ಅಂತ ಅಗೀಲಿಕತ್ತಿದ್ದೆ" ಎಂದಳು. ನಾನು ಹೊರಗೆ ಬಂದು ಗೋಡೆಗೆ ಒರಗಿ ಅತ್ತೆ.

ಯಾರು ಕೇಳಿದರೂ ನೀವು ಏನೂ ಹೇಳಬೇಡಿ. ಎಲ್ಲ ನಾನು ನೋಡಿಕೊಳ್ಳುತ್ತೇನೆ.

ಶಿವಗಂಗಾ

ಚಂದಾಪುರ,
27 ಅಕ್ಟೋಬರ್ 2024

ಶಿವಗಂಗಾ,

ಕಾಗದ ಓದಿ ನಿಮ್ಮವ್ವ ಒಲೆ ಹೊತ್ತಿಸಲಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕುಳಿತರೂ ನನ್ನ ಮನಸ್ಸು ಆ ಆಸ್ಪತ್ರೆಯಲ್ಲೇ ಇರುತ್ತದೆ. ಹುಡುಗಿ ಹೇಗಿದ್ದಾಳೆಂದು ಚನ್ನು ಕೈಯಲ್ಲಿ ಒಂದು ಸಾಲಾದರೂ ದಿನಾ ಕಳಿಸು.

ನಾನು ಮೊನ್ನೆ ಕಾಡಿಗೆ ಹೋಗಿದ್ದೆ. ನಿಮ್ಮವ್ವನಿಗೆ ಹೇಳದೆ ಹೋದೆ. ಒಂದನೆಯ ಹೊಳೆಮತ್ತಿಯಿಂದ ನಲವತ್ತನೆಯ ಗುಲಗಂಜಿವರೆಗೆ ಪ್ರತಿ ಗಿಡದ ಹತ್ತಿರ ನಿಂತೆ. ಚಿಂದಿಗಳೆಲ್ಲ ಹಾಗೇ ಇದ್ದವು. ಗಾಳಿಗೆ ಒಂದೂ ಬಿಚ್ಚಿಲ್ಲ. ನಾನು ಹಾಕುವ ಗಂಟು ನಿನಗೆ ಗೊತ್ತು, ಎರಡು ಸುತ್ತು, ಎಮ್ಮೆ ಎಳೆದರೂ ಬಿಚ್ಚುವುದಿಲ್ಲ.

ಇಪ್ಪತ್ತಮೂರರಲ್ಲಿ ಮಾತ್ರ ಚಿಂದಿ ಇಲ್ಲ.

ಹರಿದಿದ್ದರೆ ಮುಳ್ಳಿನಲ್ಲಿ ಎಳೆಯಾದರೂ ಉಳಿಯುತ್ತಿತ್ತು. ಯಾರೋ ಉಗುರಿನಿಂದ ಬಿಡಿಸಿ ಬಿಚ್ಚಿದ್ದಾರೆ. ಅಲ್ಲಿ ಹಸಿರು ಚಿಂದಿಯನ್ನು ನನ್ನ ಕೈಯಾರೆ ಕಟ್ಟಿದ್ದೆ. ನೀನು ಜತೆಗೆ ಬರುತ್ತೇನೆಂದರೂ ಬೇಡವೆಂದೆ. ತಪ್ಪು ನನ್ನದು, ಇದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಪ್ರಶ್ನೆಗೆ ಉತ್ತರ ಬೇಕು. ಗಡ್ಡೆ ಅಗೆಯಲು ಓಡಿ ಹೋದೆ ಎಂದು ಬರೆದಿದ್ದೀ. ಅಲ್ಲಿ ಇನ್ನೇನು ಮಾಡಿದೆ?

ರೇವಣಪ್ಪ

ಸೇಡಂ,
5 ನವೆಂಬರ್ 2024

ಅಪ್ಪಾ,

ತೌಹೀದ ಉಳಿದುಕೊಂಡಳು. ಮೊದಲು ಅದನ್ನು ಅವ್ವನಿಗೆ ಹೇಳಿ. ಆದರೆ ನಾಲ್ಕು ದಿನದಿಂದ ಅವಳ ಕೂದಲು ಉದುರುತ್ತಿದೆ. ಬಾಚಣಿಕೆ ಬೇಡ, ಕೈಯಾಡಿಸಿದರೆ ಸಾಕು, ಗೊಂಚಲಾಗಿ ಬರುತ್ತದೆ. ಆ ವಿಷದ ಗುಣವೇ ಹಾಗಂತೆ, ಮತ್ತೆ ಬೆಳೆಯುತ್ತದಂತೆ. ಅವಳ ತಾಯಿ ತಲೆದಿಂಬಿನ ಮೇಲಿನ ಕೂದಲನ್ನೆಲ್ಲ ಆರಿಸಿ ಒಂದು ಕರವಸ್ತ್ರದಲ್ಲಿ ಕಟ್ಟಿಡುತ್ತಿದ್ದಳು. ನಾನು ನೋಡುತ್ತಾ ನಿಂತಿದ್ದೆ.

ನಿಮ್ಮ ಪ್ರಶ್ನೆಗೆ ಉತ್ತರ. ಹೌದು, ಚಿಂದಿ ನನ್ನ ಬ್ಯಾಗಿನಲ್ಲಿದೆ.

ಯೋಚಿಸಿ ಮಾಡಿದ್ದಲ್ಲ. ಗಡ್ಡೆ ನೋಡಿದ ಕೂಡಲೇ ತಲೆಯಲ್ಲಿ ನಿಮ್ಮ ಮುಖ ಬಂತು. ನಿಮ್ಮನ್ನು ಈ ವಯಸ್ಸಿನಲ್ಲಿ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂರಿಸುತ್ತಾರೆ ಎನಿಸಿತು. ಒಂದು ಕೈಯಲ್ಲಿ ಗಡ್ಡೆ ಹಿಡಿದೇ ಇನ್ನೊಂದು ಕೈಯಿಂದ ಬಿಚ್ಚಿದೆ. ಉಗುರು ಸೀಳಿತು.

ಆಮೇಲಿನದನ್ನು ಯೋಚಿಸಿಯೇ ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಪ್ರಿನ್ಸಿಪಾಲರು ಒಂದು ಹೇಳಿಕೆ ಬರೆದು ಮುಂದಿಟ್ಟರು. ಆ ಸ್ಥಳದಲ್ಲಿ ಯಾವ ಗುರುತೂ ಇರಲಿಲ್ಲ, ವಿದ್ಯಾರ್ಥಿನಿ ಸೂಚನೆ ಮೀರಿ ತಾನಾಗಿಯೇ ತಿಂದಳು ಎಂದಿತ್ತು. "ಹುಡುಗಿ ಹೆಂಗೂ ಆರಾಮ ಆಗ್ಲಿಕತ್ತದ. ನಿಮ್ಮ ತಂದೀನೂ ಉಳೀತಾರ, ಕಾಲೇಜಿನ ಹೆಸ್ರೂ ಉಳೀತದ" ಎಂದರು. ನಾನು ಸಹಿ ಹಾಕಿದೆ. ನಿಮಗಾಗಿ ಹಾಕಿದೆ.

ಶಿವಗಂಗಾ

ಚಂದಾಪುರ,
14 ನವೆಂಬರ್ 2024

ಶಿವಗಂಗಾ,

ನನ್ನ ಹೆಸರಿನಲ್ಲಿ ಆ ಸಹಿ ಬೇಡ. ಕಾಯಂ ಆಗುವ ಆಸೆ ಅದರಲ್ಲಿ ಎಷ್ಟಿತ್ತು, ಅಪ್ಪನ ಮೇಲಿನ ಮಮತೆ ಎಷ್ಟಿತ್ತು ಎಂದು ನಾನು ತೂಗಲಾರೆ, ನೀನೇ ತೂಗಿಕೋ.

ಶಹಾಬಾದಿಗೆ ಹೋಗಿ ಬಂದೆ. ಅಬ್ದುಲ್ ಕರೀಮ್ ಅವರ ಮನೆ ಮುಂದೆಯೇ ಪಾಲಿಶ್ ಮಷೀನು. ನಾನು ಯಾರೆಂದು ಹೇಳಿದ ಮೇಲೂ "ಬರ್ರಿ, ಕುಂದ್ರಿ" ಎಂದು ಮಷೀನು ನಿಲ್ಲಿಸಿದರು. ಮೈಮೇಲೆಲ್ಲ ಕಲ್ಲಿನ ಬಿಳಿ ಕೆಸರು. ಮಗಳನ್ನು ಕಾಲೇಜಿನಿಂದ ಅಮಾನತು ಮಾಡಿದ್ದಾರೆ, ಹಾಸ್ಟೆಲಿನಿಂದ ಅವಳ ಟ್ರಂಕು ಮನೆಗೆ ಬಂದಿದೆ. ಇದು ನಿನಗೆ ಗೊತ್ತಿತ್ತೇ? ಗೊತ್ತಿದ್ದೂ ನನಗೆ ಬರೆಯಲಿಲ್ಲವೇ?

ಅವರು ಒಂದೇ ಕೇಳಿದರು. "ಹಸಿರ್ ಚಿಂದಿ ಇತ್ತಂತ ನನ್ನ ಬೇಟಿ ಹೇಳ್ಲಿಕತ್ತಾಳ. ಇತ್ತೋ ಇಲ್ಲೋ, ಅಷ್ಟು ಹೇಳ್ರಿ ಸಾಬ್."

"ಇತ್ರಿ. ನಾನೇ ಕಟ್ಟಿದ್ದೆ" ಎಂದೆ.

"ಆಕಿ ಸುಳ್ಳ ಹೇಳಾಂಗಿಲ್ಲಂತ ನನಗ ಗೊತ್ತಿತ್ರಿ. ಗೊತ್ತಿದ್ದು ಏನ್ ಮಾಡ್ಲಿ? ಕಾಗದದಾಗ ಬ್ಯಾರೆ ಬರ್ದದ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಚಹಾ ತರಿಸಿದರು, ನನ್ನಿಂದ ಕುಡಿಯಲಾಗಲಿಲ್ಲ. ಚಿಂದಿ ಬಿಚ್ಚಿದವರು ಯಾರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ನಿನ್ನ ಬಾಯಿಂದಲೇ ಬರಬೇಕು.

ಇನ್ನೊಂದು ವಿಷಯ ತಿಳಿದುಕೋ. ತಪ್ಪನ್ನೆಲ್ಲ ನನ್ನ ಮಂಜುಗಣ್ಣಿನ ಮೇಲೆ ಹಾಕಿ ನನ್ನನ್ನು ಉಳಿಸಬಹುದೆಂದು ನೀನು ಅಂದುಕೊಂಡಿರಬಹುದು. ಎರಡನೇ ಸಲ ಹೋಗಿ ಆ ಪೊದೆಯ ಬುಡವನ್ನು ಪೂರ್ತಿ ಅಗೆದೆ. ಇನ್ನೂ ಮೂರು ಗಡ್ಡೆಗಳಿದ್ದವು, ಒಂದು ಹೆಬ್ಬೆರಳಿನ ದಪ್ಪ. ಬೀಜದಿಂದ ಹುಟ್ಟಿ ಅಷ್ಟು ಬಲಿಯಲು ನಾಲ್ಕು ಮಳೆಗಾಲವಾದರೂ ಬೇಕು. ನಾಲ್ಕು ವರ್ಷದ ಹಿಂದೆ ನನ್ನ ಕಣ್ಣು ಚೆನ್ನಾಗಿಯೇ ಇತ್ತು. ಶ್ರಾವಣದಲ್ಲಿ ಒಂದು ಸಲ ಆ ದಾರಿ ತುಳಿದಿದ್ದರೆ ಸಾಕಿತ್ತು, ಬೆಂಕಿ ಬಣ್ಣದ ಹೂ ದೂರದಿಂದಲೇ ಕಾಣುತ್ತಿತ್ತು. ನಾನು ದಸರೆಗೆ ಮಾತ್ರ ಹೋದೆ. ಇಪ್ಪತ್ತಮೂರು ಶತಾವರಿ ಎಂದು ಕಾಲಿಗೆ ಗೊತ್ತಿತ್ತು, ಕಾಲು ನಿಂತಲ್ಲಿ ಕೈ ಕಟ್ಟಿತು. ನಾಲ್ಕು ವರ್ಷ ನಾನು ಆ ಗಿಡವನ್ನು ನೋಡೇ ಇಲ್ಲ.

ನೀನು ನೋಡಿದ್ದೆಯಾ? ಪ್ರತಿ ವರ್ಷ ಒಂದೊಂದು ಗಿಡದ ಸ್ಥಿತಿ ಬರೆದಿಡುವ ನಿನ್ನ ದಾಖಲೆ ಪುಸ್ತಕಗಳನ್ನು ತೆಗೆದು ಓದು.

ಡಿಸೆಂಬರ್ ಹದಿನಾರಕ್ಕೆ ವಿಚಾರಣಾ ಸಮಿತಿ ಇದೆಯೆಂದು ಕೇಳಿದೆ. ಅವತ್ತು ನೀನು ಹೇಳದಿದ್ದರೆ ನಾನು ಹೇಳುತ್ತೇನೆ.

ರೇವಣಪ್ಪ

ಸೇಡಂ,
22 ನವೆಂಬರ್ 2024

ಅಪ್ಪಾ,

ನೀವು ಹೇಳಿದರೆ ನಾನು ಕಳ್ಳಿ ಎಂದು ನನ್ನಪ್ಪನೇ ಸಾರಿದಂತೆ. ಅದೂ ಗೊತ್ತಿದ್ದೇ ಬರೆದಿದ್ದೀರಿ. ನಿಮಗೆ ಸತ್ಯ ಹೇಳುವುದು ಹಗುರ. ಹೇಳಿ ಮನೆಗೆ ಹೋಗಿ ಮಲಗುತ್ತೀರಿ. ನಾನು ಮರುದಿನ ಇದೇ ಊರಿನಲ್ಲಿ, ಇದೇ ಮಕ್ಕಳ ಎದುರು ಓಡಾಡಬೇಕು. ಒಂದು ಮಾತೂ ತಿಳಿಸದೆ ಶಹಾಬಾದಿಗೆ ಹೋದಿರಲ್ಲ, ನನಗೆ ಭಾಳ ಸಿಟ್ಟು ಬಂದಿದೆ. ಅವ್ವನ ಮುಖವನ್ನಾದರೂ ನೆನೆಸಿಕೊಂಡಿರಾ?

ಅಮಾನತು ಗೊತ್ತಿತ್ತು. ಬರೆಯಲು ಕೈ ಬರಲಿಲ್ಲ.

ಪುಸ್ತಕ ತೆಗೆದು ನೋಡಿದೆ. 2021ರಿಂದ ಈ ವರ್ಷದವರೆಗೆ ಒಂದೇ ವಾಕ್ಯ: "ಸ್ಥಳ 23, ಶತಾವರಿ, ಒಂದೂವರೆ ಮೀಟರ್ ಎತ್ತರ, ಹೂವಿಲ್ಲ." ಈ ವರ್ಷ ಅದು ಹೂವಿನಿಂದ ಬೆಳ್ಳಗಾಗಿತ್ತು ಅಪ್ಪಾ. ನಾನೇ ಮೂಸಿದ್ದೆ. ಹಿಂದಿನ ದಿನವೇ ಮನೆಯಲ್ಲಿ ಕುಳಿತು ಹಳೆಯ ಪುಸ್ತಕ ನೋಡಿ ಬರೆದಿಟ್ಟಿದ್ದೆ.

ಶಿವಗಂಗಾ

ಚಂದಾಪುರ,
10 ಡಿಸೆಂಬರ್ 2024

ಶಿವಗಂಗಾ,

ಹದಿನೆಂಟು ದಿನವಾಯಿತು, ನಿನ್ನಿಂದ ಮತ್ತೆ ಕಾಗದವಿಲ್ಲ. ದಿನಾ ಬಸ್ಸಿನ ಹತ್ತಿರ ಹೋಗಿ ಚನ್ನುವಿನ ಮುಖ ನೋಡಿ ಬರುತ್ತೇನೆ. ಅವನು ದೂರದಿಂದಲೇ ಕೈಯಾಡಿಸಿ ಇಲ್ಲ ಅನ್ನುತ್ತಾನೆ.

ಹದಿನಾರರಂದು ಮೊದಲ ಬಸ್ಸಿಗೆ ಬರುತ್ತೇನೆ. ನಿನ್ನ ಮನೆಗೆ ಬರುವುದಿಲ್ಲ, ನೇರ ಕಾಲೇಜಿಗೆ ಬಂದು ಹೊರಗೆ ಕೂರುತ್ತೇನೆ. ನಿಮ್ಮವ್ವನಿಗೆ ಎಲ್ಲ ಹೇಳಿದೆ. "ನನ್ ಮಾರಿ ಏನ್ ನೆನಸ್ತೀರಿ, ಆ ಹುಡುಗಿ ಮಾರಿ ನೆನಸ್ರಿ" ಎಂದಳು. ಬುತ್ತಿಗೆ ಇಬ್ಬರಿಗಾಗುವಷ್ಟು ರೊಟ್ಟಿ ಕಟ್ಟಿಕೊಡುತ್ತಾಳಂತೆ.

ಅಪ್ಪ

ಸೇಡಂ,
2 ಜನವರಿ 2025

ಅಪ್ಪಾ, ಶರಣು.

ಅವತ್ತು ನೀವು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಿರಿ, ಬಾಗಿಲು ಹಾಕಿತ್ತು. ನಾನು ಹೊರಗೆ ಬಂದಾಗ ಏನಾಯಿತೆಂದು ನೀವು ಕೇಳಲಿಲ್ಲ. ಇಬ್ಬರೂ ಬೇವಿನ ಗಿಡದ ಕೆಳಗೆ ರೊಟ್ಟಿ ತಿಂದೆವು, ಆಮೇಲೆ ನೀವು ಹೇಳಿಕೆ ಕೊಡಲು ಒಳಗೆ ಹೋದಿರಿ. ಒಳಗೆ ನಡೆದದ್ದನ್ನು ನಿಮಗೆ ಹೇಳಲು ಇಷ್ಟು ದಿನ ಬೇಕಾಯಿತು.

ಒಳಗೆ ಐದು ಜನ ಇದ್ದರು. ಎದುರಿಗೆ ತೌಹೀದ, ತಲೆಗೆ ಕಪ್ಪು ದುಪಟ್ಟಾ ಬಿಗಿಯಾಗಿ ಸುತ್ತಿಕೊಂಡಿದ್ದಳು. ಹುಬ್ಬೂ ಉಳಿದಿಲ್ಲ. ಅವಳ ಹಿಂದೆ ಅಬ್ದುಲ್ ಕರೀಮ್. ಮೊದಲು ಅವಳನ್ನೇ ಕೇಳಿದರು. ಚಿಂದಿ ಇತ್ತು ಎಂದಳು. ಸದಸ್ಯರೊಬ್ಬರು ನನ್ನ ಹಳೆಯ ಹೇಳಿಕೆ ಓದಿ, "ಮ್ಯಾಡಮ್ ಸುಳ್ಳ ಬರೀತಾರೇನವಾ?" ಎಂದರು. ಅವಳು ನನ್ನ ಕಡೆ ನೋಡಿ, "ಅವ್ರು ಮರ್ತಿರ್ಬೇಕ್ರಿ" ಎಂದಳು. ಆ ಹೊತ್ತಿಗೂ ನನ್ನ ಮಾನ ಕಾಯ್ದಳು.

ಅಲ್ಲಿಂದ ಮುಂದೆ ಸುಮ್ಮನಿರಲು ಆಗಲಿಲ್ಲ. ಚಿಂದಿಯನ್ನು ಮೇಜಿನ ಮೇಲಿಟ್ಟೆ. ಯಾವಾಗ ಬಿಚ್ಚಿದೆ, ಯಾಕೆ ಬಿಚ್ಚಿದೆ, ಯಾರು ಬರೆದ ಹೇಳಿಕೆಗೆ ಸಹಿ ಹಾಕಿದೆ, ಎಲ್ಲ ಹೇಳಿದೆ. ನಾಲ್ಕು ವರ್ಷದ ಪುಸ್ತಕಗಳನ್ನೂ ಕೊಟ್ಟೆ. ಪ್ರಿನ್ಸಿಪಾಲರು ಕಿಟಕಿಯ ಕಡೆ ಮುಖ ತಿರುಗಿಸಿದರು. ಅವಳ ಅಮಾನತು ಅವತ್ತೇ ರದ್ದಾಯಿತು. ನನ್ನನ್ನು ಕೆಲಸದಿಂದ ತೆಗೆದ ಆದೇಶ ನಿನ್ನೆ ಕೈಗೆ ಬಂತು. ಪೊಲೀಸರು ನಿಮ್ಮನ್ನೂ ನನ್ನನ್ನೂ ಮತ್ತೆ ಕರೆಯಬಹುದು. ಕರೆಯಲಿ, ಇಬ್ಬರೂ ಕೂಡಿ ಹೋಗೋಣ. ಅಷ್ಟರೊಳಗೆ ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳಿ, ಇದರಲ್ಲಿ ನಿಮ್ಮ ಹಟ ನಡೆಯುವುದಿಲ್ಲ.

ನಿಮಗೆ ಹೇಳಬೇಕಾದದ್ದು ಇದಲ್ಲ. ಎಲ್ಲರೂ ಏಳುವಾಗ ತೌಹೀದ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ, ಅಳುತ್ತಾಳೆ ಅಂದುಕೊಂಡೆ. ತರಗತಿಯಲ್ಲಿ ಕೇಳುವ ಹಾಗೆಯೇ ಕೇಳಿದಳು. "ಒಂದ್ ಪ್ರಶ್ನೆರಿ ಮ್ಯಾಡಮ್. ನಾ ಸತ್ತಿದ್ರ, ಇವತ್ತು ಇದು ಹೇಳ್ತಿದ್ರೇನ್ರಿ?"

ನಾನು ಬ್ಯಾಗಿನ ಜಿಪ್ ಎಳೆಯತೊಡಗಿದೆ. ಆಮೇಲೆ ಅವಳ ಅಪ್ಪ ಕರೆದರು, ಹೋದಳು.

ಹದಿನೇಳು ದಿನದಿಂದ ಆ ಪ್ರಶ್ನೆಯನ್ನು ಹೊತ್ತು ತಿರುಗುತ್ತಿದ್ದೇನೆ. ಹೇಳುತ್ತಿದ್ದೆ ಎಂದು ಹೇಳಿಕೊಳ್ಳಲು ಭಾಳ ಆಸೆ. ನಿಮಗೂ ಹಾಗೆ ಅನಿಸಲಿ ಎಂದು ಆಸೆ. ಅವಳಿಗೆ ಬರೆದದ್ದರ ನಕಲು ಇದರ ಜತೆಗಿದೆ, ಓದಿಕೊಳ್ಳಿ. ಅವ್ವನಿಗೂ ಓದಿ ಹೇಳಿ.

ನಿಮ್ಮ ಮಗಳು,
ಶಿವಗಂಗಾ

ಸೇಡಂ,
2 ಜನವರಿ 2025

ತೌಹೀದ,

ಅವತ್ತು ನಿನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಇಲ್ಲ, ಹೇಳುತ್ತಿರಲಿಲ್ಲ.

ಶಿವಗಂಗಾ ರೇವಣಪ್ಪ